ಅನ್ನದಾಸೋಹದಿಂದ ಅಕ್ಷರದಾಸೋಹಕ್ಕೆ: ಶರಣಬಸವೇಶ್ವರ ಸನ್ನಿಧಿಯ ಕನ್ಯಾಶಾಲೆಯ ಜಾನಪದ ಹಿನ್ನೆಲೆ

ಒಂದು ಪ್ರದೇಶದ ಶಿಕ್ಷಣದ ಇತಿಹಾಸವನ್ನು ಸಾಮಾನ್ಯವಾಗಿ ಸರಕಾರಿ ಆದೇಶಗಳು, ಆಡಳಿತ ವರದಿಗಳು ಹಾಗೂ ಹಾಜರಿ ಪುಸ್ತಕಗಳ ಆಧಾರದಿಂದ ಬರೆಯಲಾಗುತ್ತದೆ. ಶಾಲೆ ಯಾವಾಗ ತೆರೆಯಿತು, ಎಷ್ಟು ಮಕ್ಕಳು ಓದಿದರು ಎಂಬುದನ್ನು ಈ ದಾಖಲೆಗಳು ಹೇಳುತ್ತವೆ. ಆದರೆ ಓದುಬರಹದ ರೂಢಿಯೇ ಇಲ್ಲದ ಮನೆತನಗಳು ಆ ಶಾಲೆಯನ್ನು ನಂಬಿ, ವಿಶೇಷವಾಗಿ ಹೆಣ್ಣುಮಕ್ಕಳನ್ನು ಅದರ ಹೊಸ್ತಿಲು ದಾಟಿಸಿದ್ದು ಯಾವ ಬಲದಿಂದ ಎಂಬ ಪ್ರಶ್ನೆಗೆ ಅವು ಉತ್ತರಿಸುವುದಿಲ್ಲ. ಆ ಉತ್ತರವನ್ನು ಜನರ ಐತಿಹ್ಯ, ಜಾತ್ರೆ, ನುಡಿ ಮತ್ತು ನಂಬಿಕೆಗಳಲ್ಲಿ ಹುಡುಕಬೇಕಾಗುತ್ತದೆ. ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನದ ಆಶ್ರಯದಲ್ಲಿ 1934ರಲ್ಲಿ ಆರಂಭವಾದ ಹೆಣ್ಣುಮಕ್ಕಳ ಶಿಕ್ಷಣದ ಪ್ರಯತ್ನವು ಇಂತಹ ಅಧ್ಯಯನಕ್ಕೆ ತಕ್ಕ ನಿದರ್ಶನವಾಗಿದೆ.

ಸ್ಥಳ ಮತ್ತು ಐತಿಹ್ಯ

ಪರಂಪರೆಯ ಗಣನೆಯಂತೆ ಶರಣಬಸವೇಶ್ವರರ ಕಾಲ 1746ರಿಂದ 1822. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿ ಅವರ ಹುಟ್ಟೂರು. ಒಕ್ಕಲುತನದ ಮನೆಯಲ್ಲಿ ಬೆಳೆದ ಶರಣರು ಸಂಸಾರಿಗಳಾಗಿದ್ದುಕೊಂಡೇ ಬಂದವರಿಗೆಲ್ಲ ಅನ್ನ ನೀಡಿದರು. ಮಡದಿ ಮಹಾದೇವಿಯವರ ಅಗಲಿಕೆಯ ತರುವಾಯ ಊರು ಬಿಟ್ಟು ಕಲಬುರಗಿಗೆ ಬಂದು ಅಲ್ಲಿಯೂ ದಾಸೋಹವನ್ನು ಮುಂದುವರಿಸಿದರು. ಅವರು ಲಿಂಗೈಕ್ಯರಾದ ಬಳಿಕ ಕೋಟೆಯ ಹೊರಗಿನ ಬ್ರಹ್ಮಪುರ ಭಾಗದಲ್ಲಿ ಬೆಳೆದು ನಿಂತ ಗುಡಿಯನ್ನು ಜನ ‘ಶರಣಬಸಪ್ಪನ ಗುಡಿ’ ಎಂದೂ, ಸಮೀಪದ ಕೆರೆಯನ್ನು ‘ಅಪ್ಪನ ಕೆರೆ’ ಎಂದೂ ಕರೆಯುತ್ತಾರೆ.

ಶರಣರ ಕುರಿತು ಜನಜನಿತವಾದ ಐತಿಹ್ಯಗಳಲ್ಲಿ ಹಕ್ಕಿಗಳ ಪ್ರಸಂಗ ಪ್ರಮುಖವಾದುದು. ಬೆಳೆದು ನಿಂತ ಜೋಳದ ಹೊಲವನ್ನು ಕಾಯಬೇಕಾದ ಶರಣರು ಹಕ್ಕಿಗಳನ್ನು ಓಡಿಸಲಿಲ್ಲ. ತೆನೆಯನ್ನು ತಿನ್ನಲು ಬಿಟ್ಟು, ಕುಡಿಯಲು ನೀರನ್ನೂ ಇಟ್ಟರು. ಸುಗ್ಗಿಯಲ್ಲಿ ರಾಶಿ ಮಾಡಿದಾಗ ಎಂದಿಗಿಂತ ಹೆಚ್ಚು ಕಾಳು ಬಂದಿತು ಎಂಬುದು ಕಥೆಯ ಸಾರ. ಮೇಲ್ನೋಟಕ್ಕೆ ಇದು ಪವಾಡದ ಕಥೆ. ಆದರೆ ಬರಗಾಲವನ್ನು ಮತ್ತೆ ಮತ್ತೆ ಕಂಡ ಈ ಎರೆಭೂಮಿಯ ಒಕ್ಕಲಿಗರು ಇದನ್ನು ಒಂದು ಬಾಳಿನ ನಿಯಮವಾಗಿ ಗ್ರಹಿಸಿದ್ದಾರೆ: ಹಂಚಿದರೆ ಕರಗುವುದಿಲ್ಲ, ಹಸಿದು ಬಂದವರ ಕುಲಗೋತ್ರವನ್ನು ಕೇಳಬೇಕಾಗಿಲ್ಲ.

ಹೋಳಿಯ ನಂತರ ಐದನೆಯ ದಿನ ನಡೆಯುವ ಜಾತ್ರೆಯು ಈ ನಿಯಮದ ಸಾರ್ವಜನಿಕ ಆಚರಣೆಯಾಗಿದೆ. ಪೀಠಾಧಿಪತಿಗಳು ಶರಣರ ಪರುಷ ಬಟ್ಟಲನ್ನು ನೆರೆದ ಜನಸ್ತೋಮಕ್ಕೆ ತೋರಿದ ಬಳಿಕ ರಥ ಸಾಗುತ್ತದೆ. ಪರುಷ ಎಂದರೆ ಕಬ್ಬಿಣವನ್ನು ಹೊನ್ನಾಗಿಸುವ ಕಲ್ಲು. ಹೊನ್ನಿನ ಆಸೆಗೆ ಸಂಬಂಧಿಸಿದ ಈ ಹಳೆಯ ಕಲ್ಪನೆ ಇಲ್ಲಿ ಉಣ್ಣುವ ಬಟ್ಟಲಿಗೆ ಅಂಟಿಕೊಂಡಿರುವುದು ಗಮನಾರ್ಹ. ಜನರ ದೃಷ್ಟಿಯಲ್ಲಿ ಮನುಷ್ಯನನ್ನು ಬದಲಾಯಿಸುವ ವಸ್ತು ಅನ್ನವೇ ಆಗಿದೆ. ಅನ್ನದ ಸ್ಥಾನದಲ್ಲಿ ಅಕ್ಷರವನ್ನು ಇಟ್ಟು ನೋಡುವುದು ಈ ಸಂಸ್ಕೃತಿಗೆ ದೂರದ ಮಾತಾಗಿರಲಿಲ್ಲ.

ಗಾಂವಠಿ ಸಾಲಿ ಮತ್ತು ನಿಜಾಮರ ಮದರಸಾ

ಹೈದರಾಬಾದ ಸಂಸ್ಥಾನದ ಕನ್ನಡ ಜಿಲ್ಲೆಗಳಲ್ಲಿ ಶಾಲೆಗಳ ಎರಡು ಧಾರೆಗಳಿದ್ದವು. ಮೊದಲನೆಯದು ಗಾಂವಠಿ ಸಾಲಿ. ಗುಡಿಯ ಪೌಳಿಯಲ್ಲೋ ಮಠದ ಪಡಸಾಲೆಯಲ್ಲೋ ಐಗಳು ನಡೆಸುತ್ತಿದ್ದ ಈ ಶಾಲೆಯಲ್ಲಿ ಉಸುಕಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದು, ಮಗ್ಗಿ ಒಪ್ಪಿಸುವುದು, ವಚನ ಮತ್ತು ಸ್ತೋತ್ರಗಳ ಕಂಠಪಾಠ ಇವು ಮುಖ್ಯ ಕಲಿಕೆಯಾಗಿದ್ದವು. ಐಗಳಿಗೆ ಸಂಬಳವೆಂಬುದು ಇರಲಿಲ್ಲ. ಕಾಳುಕಡಿ, ಹಬ್ಬದ ಕಾಣಿಕೆಗಳೇ ಅವರ ಜೀವನಾಧಾರ. ಗಂಡುಮಕ್ಕಳೇ ಇಲ್ಲಿಯ ವಿದ್ಯಾರ್ಥಿಗಳು. ಹೆಣ್ಣುಮಕ್ಕಳ ಕಲಿಕೆ ಬೀಸುವ ಹಾಡು, ಸೋಬಾನೆ, ಒಗಟು ಹಾಗೂ ಕಥೆಗಳ ಮೂಲಕ ಮನೆಯೊಳಗೇ ಸಾಗುತ್ತಿತ್ತು.

ಎರಡನೆಯದು ಸರಕಾರಿ ಧಾರೆ. 1884ರ ಹೊತ್ತಿಗೆ ಫಾರಸಿಯ ಸ್ಥಾನಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂದಿತು. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಪ್ರೌಢ ಹಂತದ ಶಿಕ್ಷಣವೆಲ್ಲ ಅದಕ್ಕೆ ಅಣಿಗೊಳಿಸುವ ಉರ್ದು ಶಿಕ್ಷಣವಾಯಿತು. ತಹತಾನಿಯಾ, ವಸ್ತಾನಿಯಾ, ಫೋಕಾನಿಯಾ ಎಂಬುವು ಪ್ರಾಥಮಿಕ, ಮಾಧ್ಯಮಿಕ, ಪ್ರೌಢಶಾಲೆಗಳ ಅಂದಿನ ಹೆಸರುಗಳು. ಮನೆಯಲ್ಲಿ ಕನ್ನಡವಾಡುವ ಮಗು ಮೇಲಿನ ತರಗತಿಗೆ ಏರಬೇಕಾದರೆ ತನ್ನದಲ್ಲದ ಭಾಷೆಯಲ್ಲಿ ಗಣಿತ, ಭೂಗೋಳಗಳನ್ನು ಕಲಿಯಬೇಕಾಗಿತ್ತು. 1924ರ ಸುಮಾರಿಗೆ ಖಾನಗಿ, ಅಂದರೆ ಖಾಸಗಿ ಶಾಲೆಗಳಿಗೆ ಸರಕಾರದ ಪೂರ್ವಾನುಮತಿ ಕಡ್ಡಾಯವಾದಾಗ ಗಾಂವಠಿ ಸಾಲಿಗಳ ಅಸ್ತಿತ್ವಕ್ಕೂ ಕುತ್ತು ಬಂದಿತು.

ಈ ಇಕ್ಕಟ್ಟಿನ ನಡುವೆ ಜನರೇ ಕಟ್ಟಿದ ಕೆಲವು ಸಂಸ್ಥೆಗಳು ಉಳಿದುಕೊಂಡವು. ಕಲಬುರಗಿಯಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯ ಹಾಗೂ ರಾಯಚೂರಿನಲ್ಲಿ ಪಂಡಿತ ತಾರಾನಾಥರು ಸ್ಥಾಪಿಸಿದ ಹಮದರ್ದ್ ಶಾಲೆ ಇವುಗಳಲ್ಲಿ ಮುಖ್ಯವಾದವು. ಇವು ಪ್ರಧಾನವಾಗಿ ವಿದ್ಯಾವಂತರ ರಾಷ್ಟ್ರೀಯ ಜಾಗೃತಿಯಿಂದ ಹುಟ್ಟಿದವು. ಶರಣಬಸವೇಶ್ವರ ಸನ್ನಿಧಿಯ ಶಾಲೆಯ ಬೇರು ಮಾತ್ರ ದಾಸೋಹದ ನೆಲದಲ್ಲಿತ್ತು.

1934: ಹೆಣ್ಣುಮಕ್ಕಳಿಂದ ಆರಂಭ

ಸಂಸ್ಥಾನದ ಏಳನೆಯ ಪೀಠಾಧಿಪತಿಗಳಾದ ದೊಡ್ಡಪ್ಪ ಅಪ್ಪನವರು 1934ರಲ್ಲಿ ಶರಣಬಸವೇಶ್ವರ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. ಅದರ ಮೊದಲ ಹೆಜ್ಜೆಯೇ ಹೆಣ್ಣುಮಕ್ಕಳಿಗಾಗಿ ತೆರೆದ ಮಹಾದೇವಿ ಕನ್ಯಾಶಾಲೆ. ಉರ್ದು ಮಾಧ್ಯಮದ ಆಳ್ವಿಕೆಯಲ್ಲಿ ಕನ್ನಡದ ಶಾಲೆ, ಅದೂ ಗಂಡುಮಕ್ಕಳಿಗಿಂತ ಮೊದಲು ಹೆಣ್ಣುಮಕ್ಕಳಿಗೆ ಎಂಬುದು ಆ ಕಾಲಕ್ಕೆ ಎರಡು ಪಟ್ಟು ಧೈರ್ಯದ ಕೆಲಸವಾಗಿತ್ತು. ಇದು ಜನಮನ್ನಣೆ ಪಡೆದುದಕ್ಕೆ ಮೂರು ಸಾಂಸ್ಕೃತಿಕ ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು ಪೀಠದ ಸ್ವರೂಪ. ಇದು ವಿರಕ್ತಪೀಠವಲ್ಲ, ಗೃಹಸ್ಥ ಪರಂಪರೆಯ ಮಹಾದಾಸೋಹ ಪೀಠ. ದಾಸೋಹವೆಂದರೆ ಒಲೆ, ಬೀಸುಕಲ್ಲು, ಕಣಜ. ಹೆಣ್ಣಿನ ದುಡಿಮೆಯಿಲ್ಲದೆ ಅದು ಒಂದು ದಿನವೂ ನಡೆಯದು. ಹೆಣ್ಣನ್ನು ಹೊರಗಿಟ್ಟು ಧರ್ಮವನ್ನು ಹೇಳುವ ಅವಕಾಶವೇ ಇಂತಹ ಪೀಠಕ್ಕೆ ಇರಲಿಲ್ಲ.

ಎರಡನೆಯದು ಹೆಸರು. ಶರಣರ ಮಡದಿಯ ಹೆಸರು ಮಹಾದೇವಿ. ಹನ್ನೆರಡನೆಯ ಶತಮಾನದ ಅಕ್ಕನ ಹೆಸರೂ ಮಹಾದೇವಿ. ಒಬ್ಬರು ಸಂಸಾರದಲ್ಲಿದ್ದು ದಾಸೋಹ ನಡೆಸಿದವರು, ಇನ್ನೊಬ್ಬರು ಸಂಸಾರವನ್ನು ಮೀರಿ ವಚನ ನುಡಿದವರು. ಶಾಲೆಯ ಹೆಸರನ್ನು ಕೇಳಿದ ಕನ್ನಡ ಕಿವಿಗೆ ಈ ಇಬ್ಬರೂ ಒಟ್ಟಿಗೆ ನೆನಪಾಗುತ್ತಾರೆ. ಮಗಳನ್ನು ಶಾಲೆಗೆ ಕಳಿಸುವುದು ರೂಢಿ ಮುರಿದಂತಲ್ಲ, ಹಿರಿಯರ ಹಾದಿಯನ್ನೇ ಹಿಡಿದಂತೆ ಎಂಬ ಭಾವನೆಗೆ ಈ ಹೆಸರು ಎಡೆ ಮಾಡಿಕೊಟ್ಟಿತು.

ಮೂರನೆಯದು ‘ಅಪ್ಪ’ ಎಂಬ ಸಂಬೋಧನೆ. ಈ ಭಾಗದಲ್ಲಿ ಪೀಠಾಧಿಪತಿಗಳನ್ನು ಜನ ಜಗದ್ಗುರು ಎನ್ನುವುದಕ್ಕಿಂತ ‘ಅಪ್ಪ’, ‘ಅಪ್ಪಾವರು’ ಎಂದು ಕರೆಯುವುದೇ ಹೆಚ್ಚು. ಬಂಧುತ್ವವಾಚಕವು ಅಧಿಕಾರವನ್ನು ಹೊಣೆಯಾಗಿ ಮಾರ್ಪಡಿಸುತ್ತದೆ. ಅಪ್ಪನ ಅಂಗಳದಲ್ಲಿರುವ ಶಾಲೆ ಹೆತ್ತವರಿಗೆ ಪರಸ್ಥಳವೆನಿಸುವುದಿಲ್ಲ. ಕಟ್ಟುಪಾಡಿನ ಮನೆಗಳಿಂದ ಹೆಣ್ಣುಮಗು ಪಾಟಿಯನ್ನು ಹಿಡಿದು ಹೊರಗೆ ಬರಲು ಇಂತಹ ಭರವಸೆ ಅಗತ್ಯವಾಗಿತ್ತು.

ಇದೇ ನಗರದ ಇನ್ನೊಂದು ಮಹಾಕ್ಷೇತ್ರ 1422ರಲ್ಲಿ ನಿಧನರಾದ ಖಾಜಾ ಬಂದೇನವಾಜರ ದರ್ಗಾ. ಅದರ ಪರಂಪರೆಗೆ ಸೇರಿದ ಖಾಜಾ ಶಿಕ್ಷಣ ಸಂಸ್ಥೆಯೂ ಬೀಬಿ ರಜಾ ಮಹಿಳಾ ಕಾಲೇಜನ್ನು ನಡೆಸುತ್ತ ಬಂದಿದೆ. ಎರಡು ಧರ್ಮಗಳ ಎರಡು ಶ್ರದ್ಧಾಕೇಂದ್ರಗಳು ಹೆಣ್ಣಿನ ಓದಿಗೆ ಆಸರೆಯಾದುದು ಆಕಸ್ಮಿಕವಲ್ಲ. ಸರಕಾರದ ಕೈ ತಲುಪದ ಕಡೆ ಜನ ಹರಕೆ ಹೊತ್ತ ಜಾಗವನ್ನೇ ನೆಚ್ಚಿದ್ದರು.

ಬದಲಾದ ಕಾಲ

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಿಂದ ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆಯು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಕನ್ನಡ ಮಾಧ್ಯಮದ ಪ್ರೌಢಶಾಲೆಗೆ ಈಗ ಅನುಮತಿಯ ಭಯವಿರಲಿಲ್ಲ. 1958ರಲ್ಲಿ ಹೈದರಾಬಾದ ಕರ್ನಾಟಕ ಶಿಕ್ಷಣ ಸಂಸ್ಥೆ, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂದವು. ಶರಣಬಸವೇಶ್ವರ ಸಂಘವೂ ಪ್ರೌಢಶಾಲೆಯಿಂದ ಪದವಿ ಕಾಲೇಜುಗಳಿಗೆ ಬೆಳೆಯಿತು. ಅದರ ಮಹಿಳಾ ಕಾಲೇಜಿಗೆ ಗೋದೂತಾಯಿ ದೊಡ್ಡಪ್ಪ ಅಪ್ಪನವರ ಹೆಸರನ್ನಿಡಲಾಯಿತು. 1983ರಲ್ಲಿ ದೊಡ್ಡಪ್ಪ ಅಪ್ಪನವರು ಲಿಂಗೈಕ್ಯರಾದ ನಂತರ ಎಂಟನೆಯ ಪೀಠಾಧಿಪತಿಗಳಾದ ಡಾ. ಶರಣಬಸವಪ್ಪ ಅಪ್ಪನವರು 2025ರ ಆಗಸ್ಟ್‌ವರೆಗೆ ಸಂಸ್ಥಾನವನ್ನು ಮುನ್ನಡೆಸಿದರು. ಅವರ ಕಾಲದಲ್ಲಿ, 2017ರಲ್ಲಿ, ಶರಣಬಸವ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದಿತು.

ಆದರೂ ಈ ಬೆಳವಣಿಗೆಯನ್ನು ಕೇವಲ ಹೊಗಳಿಕೆಯ ದೃಷ್ಟಿಯಿಂದ ನೋಡುವುದು ಸಾಧುವಲ್ಲ. 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ ಶೇ. 64.85, ಪುರುಷರದು ಶೇ. 74.38, ಮಹಿಳೆಯರದು ಶೇ. 55.09. ಅದೇ ವರ್ಷ ರಾಜ್ಯದ ಮಹಿಳಾ ಸಾಕ್ಷರತೆ ಶೇ. 68.08 ಇತ್ತು. ಕನ್ಯಾಶಾಲೆ ತೆರೆದು ಮುಕ್ಕಾಲು ಶತಮಾನ ಕಳೆದರೂ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅಕ್ಷರ ಎಟುಕಿರಲಿಲ್ಲ ಎಂಬುದು ಇದರ ಅರ್ಥ. ದಾನದ ಬಲದಿಂದ ನಡೆಯುವ ಶಾಲೆ ದಾರಿಯನ್ನು ತೋರಬಲ್ಲದು. ಪ್ರತಿ ಹಳ್ಳಿ, ಪ್ರತಿ ಕೇರಿಯ ಮಗುವನ್ನು ತಲುಪುವ ಹೊಣೆ ಸರಕಾರಿ ಶಾಲೆಯದೇ. ನಗರದ ಪ್ರೌಢಶಾಲೆಗೆ ಬಂದು ಉಳಿಯಲಾಗದ ಹುಡುಗಿಗೆ ತನ್ನೂರಿನ ಅಥವಾ ನೆರೆಯೂರಿನ ಸರಕಾರಿ ಪ್ರೌಢಶಾಲೆಯೇ ಕೊನೆಯ ಆಸರೆ.

ಒಂದು ಪದದ ಪಯಣ

ಇಲ್ಲಿ ಮತ್ತೆ ಜನಪದದ ನುಡಿಯೇ ಮುಂದೆ ಬರುತ್ತದೆ. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಸರಕಾರಿ ಹಾಗೂ ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬಿಸಿಯೂಟ ನೀಡಬೇಕೆಂದು ಆದೇಶಿಸಿತು. ಕರ್ನಾಟಕ ಸರಕಾರವು 2002ರ ಜೂನ್‌ನಲ್ಲಿ ಈ ಯೋಜನೆಯನ್ನು ಮೊದಲು ಜಾರಿಗೆ ತಂದುದು ಕಲಬುರಗಿಯೂ ಸೇರಿದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ. ಅದಕ್ಕೆ ಇಟ್ಟ ಹೆಸರು ‘ಅಕ್ಷರ ದಾಸೋಹ’. ಮರುವರ್ಷ ಅದು ಉಳಿದ ಜಿಲ್ಲೆಗಳಿಗೂ, 2007ರಲ್ಲಿ ಎಂಟರಿಂದ ಹತ್ತನೆಯ ತರಗತಿಗಳಿಗೂ ವಿಸ್ತರಿಸಿತು. ಶರಣರ ಕಾಲದಿಂದ ಗುಡಿಯ ಅಂಗಳದಲ್ಲಿ ಬಳಕೆಯಲ್ಲಿದ್ದ ಪದವೊಂದು ಹೀಗೆ ಸರಕಾರಿ ಪ್ರೌಢಶಾಲೆಯ ಅಡುಗೆಕೋಣೆಯನ್ನು ತಲುಪಿತು.

ಪದ ಒಂದೇ ಆದರೂ ಅರ್ಥದಲ್ಲಿ ಒಂದು ಪಲ್ಲಟವಾಗಿದೆ. ಗುಡಿಯ ದಾಸೋಹದಲ್ಲಿ ನೀಡುವವನಿಗೆ ಅದು ಸೇವೆ, ಉಣ್ಣುವವನಿಗೆ ಪ್ರಸಾದ. ಶಾಲೆಯ ದಾಸೋಹದಲ್ಲಿ ಅದು ಮಗುವಿನ ಹಕ್ಕು, ಸರಕಾರದ ಬಾಧ್ಯತೆ. ಪ್ರಸಾದವನ್ನು ಕಡಿಮೆಯೆಂದು ಯಾರೂ ದೂರುವುದಿಲ್ಲ. ಹಕ್ಕನ್ನು ಮಾತ್ರ ಕೇಳಿ ಪಡೆಯಬಹುದು. ಈ ಎರಡರ ನಡುವಿನ ಅಂತರವನ್ನು ಮರೆತರೆ ಸರಕಾರಿ ಶಾಲೆಯ ಮಗು ಉಪಕಾರ ಹೊತ್ತ ಮಗುವಾಗುತ್ತದೆ. ಎರಡರ ನಡುವಿನ ನಂಟನ್ನು ಮರೆತರೆ ಬಿಸಿಯೂಟವು ಬರಿಯ ಲೆಕ್ಕಪತ್ರದ ಬಾಬತ್ತಾಗುತ್ತದೆ. ಪಂಕ್ತಿಭೇದವಿಲ್ಲದೆ ಒಟ್ಟಿಗೆ ಕೂತು ಉಣ್ಣುವ ಶಿಸ್ತು ಶಾಲೆಗೆ ಬಂದಿರುವುದು ಈ ನಂಟಿನಿಂದಲೇ.

ಈ ದೃಷ್ಟಿಯಿಂದ ಒಂದು ಶಾಲೆಯ ಚರಿತ್ರೆ ಅದರ ದಾಖಲಾತಿ ಪುಸ್ತಕಕ್ಕಷ್ಟೇ ಸೀಮಿತವಲ್ಲ. ಕನ್ಯಾಶಾಲೆಯ ಮೊದಲ ತಲೆಮಾರುಗಳು ಓದಿದ ಪಾಠ, ನಡೆದು ಬಂದ ದಾರಿ, ಮನೆಯಲ್ಲಿ ಎದುರಿಸಿದ ಮಾತು ಇವು ಅಜ್ಜಿಯಂದಿರ ನೆನಪಿನಲ್ಲಿ ಉಳಿದು ಮೊಮ್ಮಕ್ಕಳ ಕಿವಿಗೆ ಬೀಳುವ ಕಥನಗಳು. ಆ ನೆನಪುಗಳ ವಯಸ್ಸು ಈಗ ಮುಗಿಯುತ್ತ ಬಂದಿದೆ. ಶರಣರ ಪವಾಡಗಳನ್ನು ಸಂಗ್ರಹಿಸಿದಷ್ಟೇ ಶ್ರದ್ಧೆಯಿಂದ ಅವನ್ನೂ ಸಂಗ್ರಹಿಸುವುದು ಜಾನಪದ ಅಧ್ಯಯನದ ಮುಂದಿರುವ ತುರ್ತು ಕಾರ್ಯವಾಗಿದೆ. ಹಕ್ಕಿಗಳು ತಿಂದ ಮೇಲೂ ರಾಶಿ ತುಂಬಿತೆಂಬ ಕಥೆಯನ್ನು ಕೇಳಿ ಬೆಳೆದ ಒಂದು ನಾಡು, ತನ್ನ ಹೆಣ್ಣುಮಕ್ಕಳಿಗೆ ಅಕ್ಷರವನ್ನು ಹೇಗೆ ಹಂಚಿತು, ಯಾರಿಗೆ ಹಂಚದೆ ಉಳಿಸಿತು ಎಂಬುದನ್ನು ಹೇಳಬಲ್ಲ ಸಾಕ್ಷಿ ಅವೇ.