ಮುಸುಕಿನ ಜೋಳ: ಸಣ್ಣ ಹಿಡುವಳಿಗಳಲ್ಲಿ ಇಳುವರಿ ಕುಗ್ಗುವುದೇಕೆ?

ಹೈದರಾಬಾದಿನ ನಾರಾಯಣಗೂಡಕ್ಕೆ ಸಮೀಪದ ಅಂಬರ್‌ಪೇಟೆಯು ಮುಸುಕಿನ ಜೋಳದ ಸಂಶೋಧನೆಗೆ ಹೆಸರಾಗಿದ್ದ ಸ್ಥಳ. ಈ ಬೆಳೆಗಾಗಿ ಅಖಿಲ ಭಾರತ ಮಟ್ಟದ ಸಂಶೋಧನಾ ಯೋಜನೆ 1957ರಲ್ಲಿ ಆರಂಭವಾಯಿತು. ನಾಲ್ಕೇ ವರ್ಷಗಳಲ್ಲಿ, ಅಂದರೆ 1961ರಲ್ಲಿ, ದೇಶದ ಮೊದಲ ಸಂಕರಣ ತಳಿಗಳು ಬಿಡುಗಡೆಯಾದವು, ‘ದಕ್ಕನ್’ ಅವುಗಳಲ್ಲೊಂದು. ಆದರೂ ಭಾರತದ ಸರಾಸರಿ ಇಳುವರಿ ಇಂದಿಗೂ ಹೆಕ್ಟೇರಿಗೆ ಮೂರು ಟನ್ನಿಗಿಂತ ತುಸುವೇ ಹೆಚ್ಚು. ವಿಶ್ವದ ಸರಾಸರಿಯು ಐದು ಟನ್ನನ್ನು ಮೀರಿದೆ.

ದಾವಣಗೆರೆ, ಹಾವೇರಿ ಜಿಲ್ಲೆಗಳ ಬಹುಪಾಲು ಬೆಳೆ ಮಳೆಯಾಶ್ರಿತ. ಗಂಡು ಹೂವಾದ ಸೂಲಂಗಿ ಗಿಡದ ತುದಿಯಲ್ಲಿ ಅರಳಿದರೆ, ಹೆಣ್ಣು ಹೂವಿನ ರೇಷ್ಮೆಯಂಥ ಎಳೆಗಳು ನಡುದಂಟಿನ ತೆನೆಯಿಂದ ಹೊರಡುತ್ತವೆ. ಒಂದೊಂದು ಎಳೆಗೂ ಪರಾಗ ತಾಗಿದರೆ ಮಾತ್ರ ಒಂದೊಂದು ಕಾಳು. ಆ ಸಮಯದಲ್ಲಿ ನೆಲದ ತೇವ ಆರಿದರೆ ಎಳೆಗಳು ಹೊರಬರುವುದು ತಡವಾಗುತ್ತದೆ. ಅಷ್ಟರಲ್ಲಿ ಪರಾಗ ಉದುರಿಹೋಗಿರುತ್ತದೆ. ಹಸಿರಾಗಿ ಆಳೆತ್ತರ ನಿಂತ ಹೊಲದಲ್ಲಿಯೂ ತೆನೆ ಸುಲಿದಾಗ ಅರೆಬರೆ ಕಾಳು ಕಾಣುವುದು ಈ ಕಾರಣದಿಂದ. ನೀರು ನಿಂತರೂ ಈ ಬೆಳೆ ತಾಳದು.

ಗಿಡಗಳ ಸಂಖ್ಯೆಯತ್ತ ರೈತರ ಗಮನ ಸಾಮಾನ್ಯವಾಗಿ ಹರಿಯುವುದಿಲ್ಲ. ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಅಂತರವಿಟ್ಟರೆ ಎಕರೆಗೆ ಸುಮಾರು 22,000 ಗಿಡಗಳಿರಬೇಕು. ರಾಗಿಯಾದರೆ ತೆಂಡೆಯೊಡೆದು ಖಾಲಿ ಜಾಗವನ್ನು ತುಂಬಿಕೊಳ್ಳುತ್ತದೆ. ಮುಸುಕಿನ ಜೋಳಕ್ಕೆ ಆ ಗುಣವಿಲ್ಲ. ಸತ್ತ ಗಿಡದ ಜಾಗ ಕೊಯ್ಲಿನವರೆಗೂ ಖಾಲಿಯೇ.

ಗೊಬ್ಬರದ ವಿಚಾರದಲ್ಲಿ ಪ್ರಮಾಣದಷ್ಟೇ ಹೊತ್ತೂ ಮುಖ್ಯ. ಬಿತ್ತನೆಯ ವೇಳೆಯಲ್ಲೇ ಎಲ್ಲ ಸಾರಜನಕವನ್ನು ಸುರಿದರೆ ಮಳೆಯಲ್ಲಿ ಅದರ ಬಹುಭಾಗ ನಷ್ಟವಾಗುತ್ತದೆ. ಮೊಳಕಾಲೆತ್ತರದಲ್ಲಿ ಹಾಗೂ ಸೂಲಂಗಿ ಬರುವ ಮುನ್ನ ಹಂಚಿ ಕೊಡುವುದು ಲೇಸು. ಹಳೆಯ ಎಲೆಯು ತುದಿಯಿಂದ ನಡುನರದುದ್ದಕ್ಕೆ ಹಳದಿಯಾದರೆ ಸಾರಜನಕದ ಕೊರತೆಯೆಂದೂ, ಎಳೆಯ ಎಲೆಗಳಲ್ಲಿ ಬಿಳಿ ಪಟ್ಟೆ ಮೂಡಿದರೆ ಸತುವಿನ ಕೊರತೆಯೆಂದೂ ತಿಳಿಯಬಹುದು. ಗೊಬ್ಬರವನ್ನು ಸಾಲ ತಂದು ಕೊಳ್ಳುವ ರೈತನು ಮಳೆಯ ಭರವಸೆ ಕಾಣುವತನಕ ಎರಡನೆಯ ಕಂತನ್ನು ತಡೆಹಿಡಿಯುತ್ತಾನೆ. ಇದನ್ನು ಅಜ್ಞಾನವೆನ್ನುವುದು ಸರಿಯಲ್ಲ. ಬೆಳೆ ಹೋದರೂ ಸಾಲ ಉಳಿಯುತ್ತದೆಂಬುದು ಅವನಿಗೆ ಗೊತ್ತು.

ಬೀಜದ ಖರ್ಚು ಉಳಿಸಲೆಂದು ಸಂಕರಣ ತಳಿಯ ಕಾಳನ್ನೇ ಮರುವರ್ಷ ಬಿತ್ತಿದರೆ ಗಿಡಗಳು ಒಂದೇ ಸಮನಾಗಿರದೆ, ಇಳುವರಿಯೂ ಇಳಿಯುತ್ತದೆ. ಬೀಜ ಉಳಿಸಿಕೊಳ್ಳಬಯಸುವವರಿಗೆ ಸಂಯುಕ್ತ ತಳಿಗಳೇ ಸೂಕ್ತ.

2018ರಲ್ಲಿ ಭಾರತದಲ್ಲೇ ಮೊದಲಿಗೆ ಕರ್ನಾಟಕದಲ್ಲಿ ಕಾಣಿಸಿಕೊಂಡ ಫಾಲ್ ಸೈನಿಕ ಹುಳುವು ಈ ಕಷ್ಟಗಳಿಗೆ ಹೊಸದಾಗಿ ಸೇರಿದೆ. ಮರಿಹುಳು ಸುಳಿಯೊಳಗೆ ಅಡಗಿ ತಿನ್ನುವುದರಿಂದ ಬೆಳೆದ ಮೇಲೆ ಔಷಧಿ ಅದಕ್ಕೆ ತಗಲುವುದು ಕಷ್ಟ. ಆದ್ದರಿಂದ ಮೊಳೆತ ಮೊದಲ ವಾರಗಳಿಂದಲೇ ಸುಳಿಯನ್ನು ಬಿಡಿಸಿ ನೋಡುತ್ತಿದ್ದು, ಎಲೆಯ ಮೇಲಿನ ಮೊಟ್ಟೆಗಳ ಗುಂಪನ್ನು ಕೈಯಿಂದ ಹೊಸಕಿಹಾಕಬೇಕು.