ಚಂದ್ರಿಯ ಸಂಸಾರ

ನಾಯಿಬೆಕ್ಕುಗಳ ಸಂತಾನದ ವಿಷಯವಾಗಿ ಬರೆಯಲು ನಮಗೇನು ಅಧಿಕಾರವೆಂದು ವಾಚಕರು ಕೇಳಬಹುದು. ನಾವು ಸರಕಾರಿ ಕಛೇರಿಯಲ್ಲಿ ಕಡತ ತಿರುವುವವರೇ ಹೊರತು ಪಶುವೈದ್ಯರಲ್ಲ. ಆದರೆ ಕಳೆದ ವರ್ಷ ದೀಪಾವಳಿಗೆ ಮುಂಚೆ, ಪುಣೆಯ ಸದಾಶಿವ ಪೇಠೆಯ ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಕೆಳಗೆ ನಮ್ಮ ಚಂದ್ರಿ ಆರು ಮರಿ ಹಾಕಿದಂದಿನಿಂದ ಅಷ್ಟಿಷ್ಟು ಅಧಿಕಾರ ತಾನಾಗಿಯೇ ಬಂದಿದೆ.

ಮೊದಲ ಎರಡು ವಾರ ಮನೆಯಲ್ಲಿ ಹಬ್ಬವೇ ಹಬ್ಬ. ಧಾರವಾಡದಿಂದ ಬಂದಿದ್ದ ನಮ್ಮ ತಾಯಿ ಬಾಣಂತಿಗೆಂದು ಹಾಲು-ಅನ್ನ ಕಲಸಿ ಇಟ್ಟರು. ಮಕ್ಕಳು ಆರಕ್ಕೂ ಹೆಸರಿಟ್ಟರು. ತಿಂಗಳು ತುಂಬುವ ಹೊತ್ತಿಗೆ ಮರಿಗಳು ಮೆಟ್ಟಿಲು ಬಿಟ್ಟು ನೆರೆಯವರ ಚಪ್ಪಲಿಗಳತ್ತ ಹೊರಟವು. ಮಾಲಕರಿಂದ ಎರಡು ಸಲ ಹೇಳಿಕೆ ಬಂದಿತು. ಆಗ ನಾವು ಕಛೇರಿಯಲ್ಲಿ ಮೇಜಿನಿಂದ ಮೇಜಿಗೆ, ಮಗಳಿಗೆ ವರ ಹುಡುಕುವ ತಂದೆಯಂತೆ ಅಲೆದೆವು. ಎಲ್ಲರ ಮೊದಲ ಪ್ರಶ್ನೆ ಒಂದೇ: "ಗಂಡೋ, ಹೆಣ್ಣೋ?" ಮೂರು ಗಂಡು ಮರಿಗಳು ಒಂದೇ ವಾರದಲ್ಲಿ ಹೋದವು. ಒಂದು ಹೆಣ್ಣು ಹುಟ್ಟಿದ ಮೂರನೆಯ ದಿನವೇ ತೀರಿಕೊಂಡಿತ್ತು. ಇನ್ನೊಂದನ್ನು ಹಾಲಿನವನು ತನ್ನ ಊರಿಗೆ ಒಯ್ದ. ಉಳಿದ ಒಂದನ್ನು ಯಾರೂ ಕೇಳಲಿಲ್ಲ. ಹೆಣ್ಣಾದರೆ ನಾಳೆ ಅದರದೂ ಆರು ಮರಿ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಒಂದು ಬೆಳಿಗ್ಗೆ ಬಾಗಿಲು ತೆರೆದಿತ್ತು. ಮರಿ ಟಿಳಕ ರಸ್ತೆಯವರೆಗೆ ಓಡಿತು. ಅಲ್ಲಿಂದ ಅದನ್ನು ಗೋಣಿತಟ್ಟಿನಲ್ಲಿ ಸುತ್ತಿ ತಂದವರು ನಾವೇ. ಆ ದಿನ ಮಕ್ಕಳು ಊಟ ಮಾಡಲಿಲ್ಲ.

ಲೆಕ್ಕವೇನೋ ಸರಳ. ಹೆಣ್ಣು ನಾಯಿ ಆರು ತಿಂಗಳಿಂದ ಒಂದು ವರ್ಷದೊಳಗೆ ಮೊದಲು ಬೆದೆಗೆ ಬರುತ್ತದೆ. ಆಮೇಲೆ ಸಾಮಾನ್ಯವಾಗಿ ವರ್ಷಕ್ಕೆರಡು ಸಲ. ಗರ್ಭ ಸುಮಾರು 63 ದಿನ. ಬೆಕ್ಕಿನ ಗರ್ಭವೂ ಹೆಚ್ಚು ಕಡಿಮೆ ಅಷ್ಟೇ. ಆದರೆ ಅದು ವರ್ಷಕ್ಕೆ ಎರಡು ಮೂರು ಸಲ ಈಯಬಲ್ಲದು.

ಶಸ್ತ್ರಚಿಕಿತ್ಸೆಯ ಮಾತೆತ್ತಿದಾಗ ತಾಯಿ ಒಪ್ಪಲಿಲ್ಲ. "ಬ್ಯಾಡೋ ತಮ್ಮಾ, ಮೂಕ ಪ್ರಾಣಿ. ಅದರ ಶಾಪ ಯಾಕ ಕಟಗೋತೀ?" ಎಂದರು. ಊರಲ್ಲಿ ಹೋರಿಗೆ ಬೀಜ ಒಡೆಸುತ್ತಿರಲಿಲ್ಲವೇ ಎಂದು ನಾವು ಕೇಳಿದರೆ, "ಅದು ದುಡಿಯೂ ಎತ್ತು. ಇದು ಮನೀ ಮಗಳಿದ್ದಂಗ" ಎಂಬ ಉತ್ತರ ಸಿದ್ಧವಿತ್ತು. ಬಿ.ಏ.ವರೆಗೆ ಓದಿದ ತರ್ಕಶಾಸ್ತ್ರವೆಲ್ಲ ಅಲ್ಲಿಗೆ ಮುಗಿಯಿತು.

ಅವರನ್ನು ಒಪ್ಪಿಸಿದವರು ಪಶುವೈದ್ಯರು. ಒಮ್ಮೆಯಾದರೂ ಮರಿ ಹಾಕಿದರೇನೇ ಹೆಣ್ಣು ನಾಯಿಗೆ ಆರೋಗ್ಯವೆಂಬುದು ಬರಿಯ ನಂಬಿಕೆ, ಅದಕ್ಕೆ ವೈದ್ಯಕೀಯ ಆಧಾರವಿಲ್ಲ ಎಂದರು. ಬೆದೆ ಮುಗಿದ ಕೆಲವು ವಾರಗಳಿಗೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗವೊಂದುಂಟು. ನಡುವಯಸ್ಸು ದಾಟಿದ ನಾಯಿಗಳಲ್ಲಿ ಹೆಚ್ಚು. ನಾಯಿ ಒಂದೇ ಸಮನೆ ನೀರು ಕುಡಿಯುತ್ತದೆ, ಊಟ ಬಿಡುತ್ತದೆ, ಬೇಗ ಚಿಕಿತ್ಸೆಯಾಗದಿದ್ದರೆ ಸಾಯುತ್ತದೆ. ಅಂಡಾಶಯ, ಗರ್ಭಕೋಶಗಳನ್ನು ತೆಗೆದರೆ ಆ ಭಯವಿಲ್ಲ. ಎಳೆಯ ವಯಸ್ಸಿನಲ್ಲೇ ಮಾಡಿಸಿದರೆ ಮೊಲೆಯ ಗಡ್ಡೆಗಳ ಸಂಭವವೂ ಬಹಳ ತಗ್ಗುತ್ತದೆ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕೆಂಪೀನೂ ಹಂಗ ನೀರು ಕುಡೀತಿತ್ತು" ಎಂದರು. ಕೆಂಪಿ ನಾವು ಹುಡುಗರಿದ್ದಾಗ ಧಾರವಾಡದ ಮನೆಯಲ್ಲಿ ಎಂಟು ವರ್ಷ ಇದ್ದು, ಒಂದು ವಾರದ ಕಾಯಿಲೆಯಲ್ಲಿ ಹೋದ ನಾಯಿ. ಯಾರದೋ ದೃಷ್ಟಿ ತಾಗಿತೆಂದು ಆಗ ಎಲ್ಲರೂ ನಂಬಿದ್ದೆವು.

ಅನನುಕೂಲಗಳೇ ಇಲ್ಲವೆಂದಲ್ಲ. ಶಸ್ತ್ರಚಿಕಿತ್ಸೆಯಾದ ಪ್ರಾಣಿ ಬೇಗ ಮೈ ಬರುತ್ತದೆ, ಊಟ ಅಳತೆಯಲ್ಲಿರಬೇಕು. ದೊಡ್ಡ ತಳಿಯ ನಾಯಿಗಳಿಗೆ ಎಲುಬು ಬಲಿಯುವವರೆಗೆ ಕಾಯುವುದು ಮೇಲೆಂದು ಈಗಿನ ವೈದ್ಯರ ಮತ. ಗಂಡು ನಾಯಿಯ ಅಲೆದಾಟ ಕಡಿಮೆಯಾಗುವುದುಂಟು. ಕಚ್ಚುವ ಸ್ವಭಾವವೂ ಹೋಗಿಯೇ ತೀರುತ್ತದೆಂಬ ಭರವಸೆ ಬೇಡ.

ಇನ್ನು ಬೀದಿಯ ಮಾತು. ಆಗ ಮದರಾಸೆನಿಸಿದ್ದ ಚೆನ್ನೈಯಲ್ಲಿ ನಗರಸಭೆ ಬಹುಕಾಲ ನಾಯಿಗಳನ್ನು ಹಿಡಿದು ಕೊಲ್ಲುತ್ತಿತ್ತು. ನಾಯಿಗಳು ಮಾತ್ರ ತೀರಲಿಲ್ಲ. 1959ರಲ್ಲಿ ಅಲ್ಲಿ ಹುಟ್ಟಿದ ಬ್ಲೂ ಕ್ರಾಸ್ ಸಂಸ್ಥೆ, ಕೊಲ್ಲುವುದರ ಬದಲು ಸಂತಾನ ತಡೆಯುವ ಹಾದಿಯನ್ನು 1964ರಲ್ಲಿ ಹಿಡಿಯಿತು. ನಗರಸಭೆ ಅದನ್ನು ಒಪ್ಪಿದ್ದು 1996ರಲ್ಲಿ. ಕಡತಗಳ ವೇಗ ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. 2001ರಲ್ಲಿ ಇಡೀ ದೇಶಕ್ಕೆ ನಿಯಮಗಳಾದವು. 2023ರಲ್ಲಿ ಅವುಗಳ ಬದಲಿಗೆ ಹೊಸವು ಬಂದವು. ನಾಯಿಯನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿ, ಕಿವಿಗೆ ಗುರುತು ಮಾಡಿ, ಹಿಡಿದಲ್ಲೇ ಬಿಡುವುದು ಕ್ರಮ. ಸಾಕಿದ ನಾಯಿಯ ಹೊಣೆ ಸಾಕಿದವನದೇ. 2025ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ದಿಲ್ಲಿಯ ಬೀದಿನಾಯಿಗಳನ್ನೆಲ್ಲ ಆಶ್ರಯಗಳಿಗೆ ಸಾಗಿಸಲು ಆಜ್ಞಾಪಿಸಿ, 22ರಂದು ಅದನ್ನು ಬದಲಿಸಿತು: ಹುಚ್ಚು ಹಿಡಿದವು, ಮೈಮೇಲೆ ಬರುವವುಗಳ ಹೊರತು ಉಳಿದವನ್ನು ಚಿಕಿತ್ಸೆಯ ನಂತರ ಅದೇ ಜಾಗಕ್ಕೆ ಬಿಡಬೇಕು. ನವೆಂಬರ್ 7ರಂದು ಮಾತ್ರ, ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಿಂದ ಹಿಡಿದವನ್ನು ಅಲ್ಲಿಗೇ ಮರಳಿ ಬಿಡಕೂಡದೆಂದಿತು. ನಾಯಿಗೆ ಹೆದರುವ ಮಕ್ಕಳ ತಂದೆತಾಯಿಗಳ ಮಾತನ್ನೂ ತಳ್ಳಿಹಾಕುವಂತಿಲ್ಲ; ಹುಚ್ಚುನಾಯಿ ರೋಗ ತಲೆದೋರಿದ ಮೇಲೆ ಮದ್ದಿಲ್ಲ. ಆದರೆ ಬೀದಿಗೆ ಬಂದ ಮರಿಗಳಲ್ಲಿ ಎಷ್ಟೋ ನಮ್ಮಂಥವರ ಮೆಟ್ಟಿಲ ಕೆಳಗಿನವೇ ಎಂಬುದನ್ನು ನಾವು ಮರೆಯುತ್ತೇವೆ.

ಚಂದ್ರಿಯ ಶಸ್ತ್ರಚಿಕಿತ್ಸೆ ಜನವರಿಯಲ್ಲಾಯಿತು. ಹಿಂದಿನ ರಾತ್ರಿಯಿಂದ ಉಪವಾಸ. ಸಂಜೆಗೆ ಮನೆಗೆ ಕರೆತಂದೆವು. ಹೊಲಿಗೆ ನೆಕ್ಕದಂತೆ ಕೊರಳಿಗೆ ಕಟ್ಟಿದ ಅಗಲ ಬಾಯಿಯ ಪ್ಲಾಸ್ಟಿಕ್ ಕೊಳವೆಯಿಂದಾಗಿ ಪಾಪ ಕಂಡ ಕಂಡ ಬಾಗಿಲಿಗೆಲ್ಲ ಢಿಕ್ಕಿ ಹೊಡೆಯುತ್ತಿತ್ತು. ಬೇಡವೆಂದಿದ್ದ ತಾಯಿಯೇ ರಾತ್ರಿಯೆಲ್ಲ ಅದರ ಬಳಿ ಕುಳಿತರು. ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿಸಿದೆವು.

ಈಚೆಗೆ ಪಕ್ಕದ ಮನೆಯ ಕಾಕೂ ತಮ್ಮ ಬೆಕ್ಕಿನ ಮರಿ ತೋರಿಸಲು ಬಂದಿದ್ದರು. ತಾಯಿ ಅದನ್ನು ಎತ್ತಿ ಹಿಂದೆ ಮುಂದೆ ನೋಡಿ, ತಮ್ಮ ಹರಕು ಮರಾಠಿಯಲ್ಲಿ ಅದಕ್ಕೆಷ್ಟು ತಿಂಗಳೆಂದು ಕೇಳಿದರು. ನಾಲ್ಕು ಎಂದರು ಕಾಕೂ. ತಾಯಿ ನಮ್ಮತ್ತ ತಿರುಗಿ, "ಆ ಡಾಕ್ಟರರ ಫೋನ್ ನಂಬರ ಬರದು ಕೊಡು ಇವರಿಗೆ" ಎಂದರು.