ಸರಕು ವಾಹನಗಳ ಮೇಲೆ ನಿಗಾ: ತಂತ್ರಜ್ಞಾನ ಮತ್ತು ಅದರ ಸದುಪಯೋಗ

ಠಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿ ಮುಂಬಯಿ ಪ್ರದೇಶವು ದೇಶದ ಸರಕು ಸಾಗಣೆಯ ಪ್ರಮುಖ ಕೇಂದ್ರಗಳಲ್ಲೊಂದು. ಡೊಂಬಿವಲಿಯ ಕೈಗಾರಿಕಾ ವಸಾಹತಿನಿಂದ ರಾಸಾಯನಿಕಗಳು, ಕಳಂಬೋಲಿಯ ಪೇಟೆಯಿಂದ ಉಕ್ಕು, ವಾಶಿಯ ಕೃಷಿ ಉತ್ಪನ್ನ ಮಾರುಕಟ್ಟೆಯಿಂದ ಹಣ್ಣು, ತರಕಾರಿ, ದವಸಗಳು ಹಗಲಿರುಳೆನ್ನದೆ ಸಾಗುತ್ತಿರುತ್ತವೆ. ಸಮೀಪದ ನ್ಹಾವಾ ಶೇವಾದಲ್ಲಿ 1989ರಿಂದ ಕಾರ್ಯನಿರತವಾಗಿರುವ ಜವಾಹರಲಾಲ್ ನೆಹರೂ ಬಂದರಿದೆ. ಪುಣೆ, ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿಗಳ ಮಾರ್ಗವಾಗಿ ಬೆಂಗಳೂರನ್ನು ತಲುಪುವ 48ನೆಯ ರಾಷ್ಟ್ರೀಯ ಹೆದ್ದಾರಿಯು ಈ ಪ್ರದೇಶವನ್ನು ಕರ್ನಾಟಕದೊಂದಿಗೆ ಜೋಡಿಸುತ್ತದೆ. ಇಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡಿಗರಲ್ಲಿ ಸಾರಿಗೆ, ಹೋಟೆಲು ಹಾಗೂ ಸಣ್ಣ ಕೈಗಾರಿಕೆಗಳನ್ನೇ ನಂಬಿದವರು ಅನೇಕರು.

ಸಾಲ ಮಾಡಿ ಒಂದು ಲಾರಿಯನ್ನು ಕೊಂಡ ಕುಟುಂಬಕ್ಕೆ ಆ ಲಾರಿಯೇ ಹೊಲ, ಅದೇ ಮನೆ. ಅದು ಕಳುವಾದರೆ ಅಥವಾ ಸರಕಿನೊಡನೆ ದಾರಿ ತಪ್ಪಿದರೆ ವರ್ಷಗಳ ದುಡಿಮೆ ಮಣ್ಣುಪಾಲಾಗುತ್ತದೆ. ಆದುದರಿಂದ ವಾಹನ ಎಲ್ಲಿದೆ ಎಂಬುದನ್ನು ದೂರದಿಂದಲೇ ಅರಿಯುವ ತಂತ್ರಜ್ಞಾನದ ತಿಳಿವಳಿಕೆ ಇಂದು ದೊಡ್ಡ ಸಂಸ್ಥೆಗಳಿಗೆ ಮಾತ್ರವಲ್ಲದೆ ಸಾಮಾನ್ಯ ವ್ಯವಹಾರಸ್ಥರಿಗೂ ಅಗತ್ಯವಾಗಿದೆ.

ಸ್ಥಾನವನ್ನು ಅರಿಯುವ ಬಗೆ

ವಾಹನವನ್ನು ಉಪಗ್ರಹವು ಆಕಾಶದಿಂದ ನೋಡುತ್ತಿರುತ್ತದೆ ಎಂಬ ಭಾವನೆ ಜನರಲ್ಲಿದೆ. ವಾಸ್ತವವಾಗಿ ಉಪಗ್ರಹಕ್ಕೆ ವಾಹನದ ಅರಿವೇ ಇರುವುದಿಲ್ಲ. ಅದು ತನ್ನ ಸ್ಥಾನವನ್ನೂ ನಿಖರವಾದ ಸಮಯವನ್ನೂ ರೇಡಿಯೋ ಸಂಕೇತಗಳ ಮೂಲಕ ಸಾರುತ್ತಿರುತ್ತದೆ, ಅಷ್ಟೆ. ವಾಹನದಲ್ಲಿರುವ ಉಪಕರಣವು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳನ್ನು ಗ್ರಹಿಸಿ, ಅವು ತಲುಪಲು ತೆಗೆದುಕೊಂಡ ಕಾಲದಿಂದ ದೂರವನ್ನು ಲೆಕ್ಕಹಾಕಿ, ತಾನಿರುವ ಸ್ಥಳವನ್ನು ನಿರ್ಧರಿಸುತ್ತದೆ. ರೇಡಿಯೋ ತರಂಗವು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಚಲಿಸುವುದರಿಂದ, ಕಾಲಗಣನೆಯಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ವ್ಯತ್ಯಾಸವಾದರೂ ದೂರದಲ್ಲಿ 300 ಮೀಟರುಗಳ ವ್ಯತ್ಯಾಸವಾಗುತ್ತದೆ. ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳನ್ನು ಇರಿಸುವುದು ಈ ಕಾರಣದಿಂದಲೇ.

ಅಮೆರಿಕದ ಜಿ.ಪಿ.ಎಸ್. ವ್ಯವಸ್ಥೆಯು 1995ರಲ್ಲಿ ಪೂರ್ಣ ಪ್ರಮಾಣದಲ್ಲಿ ಕಾರ್ಯಾರಂಭ ಮಾಡಿತು. ನಾಗರಿಕ ಬಳಕೆಯ ಸಂಕೇತಗಳ ನಿಖರತೆಯನ್ನು ಉದ್ದೇಶಪೂರ್ವಕವಾಗಿ ತಗ್ಗಿಸುವ ಪದ್ಧತಿಯನ್ನು ಆ ದೇಶ 2000ದ ಮೇ ತಿಂಗಳಲ್ಲಿ ಕೈಬಿಟ್ಟಿತು. ಭಾರತವೂ ಈ ದಿಶೆಯಲ್ಲಿ ಸ್ವಾವಲಂಬನೆಯ ಹೆಜ್ಜೆಯನ್ನಿರಿಸಿ, 2013ರ ಜುಲೈ 1ರಂದು ತನ್ನ ಮೊದಲ ಪಥದರ್ಶಕ ಉಪಗ್ರಹವನ್ನು ಹಾರಿಸಿತು. 2016ರಲ್ಲಿ ಈ ವ್ಯವಸ್ಥೆಗೆ 'ನಾವಿಕ್' ಎಂಬ ಹೆಸರನ್ನಿಡಲಾಯಿತು. ಇದರ ಸಂಚಾಲನ ಕೇಂದ್ರವಿರುವುದು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ. 2023ರ ಮೇ ತಿಂಗಳಲ್ಲಿ ಹಾರಿಸಲಾದ ಉಪಗ್ರಹದಲ್ಲಿ ಸ್ವದೇಶಿ ಪರಮಾಣು ಗಡಿಯಾರವನ್ನೂ ಅಳವಡಿಸಲಾಯಿತು.

ಉಪಕರಣವು ಕಂಡುಕೊಂಡ ಸ್ಥಾನವನ್ನು ಮೊಬೈಲ್ ದೂರವಾಣಿ ಜಾಲವು ಮಾಲೀಕನ ಕಂಪ್ಯೂಟರಿಗೋ ಫೋನಿಗೋ ತಲುಪಿಸುತ್ತದೆ. ಎಂದರೆ ಇಲ್ಲಿ ಎರಡು ಕೊಂಡಿಗಳಿವೆ. ಒಂದು ಕಳಚಿದರೂ ಮಾಹಿತಿ ನಿಲ್ಲುತ್ತದೆ. ಖಂಡಾಲಾ ಘಾಟಿಯ ಸುರಂಗಗಳಲ್ಲಿ ಉಪಗ್ರಹದ ಸಂಕೇತ ಸಿಗುವುದಿಲ್ಲ. ಎತ್ತರದ ಕಟ್ಟಡಗಳ ನಡುವೆ ಸಂಕೇತವು ಗೋಡೆಗಳಿಗೆ ಬಡಿದು ಪ್ರತಿಫಲಿಸಿ, ಸ್ಥಾನವು ಪಕ್ಕದ ಬೀದಿಯಲ್ಲಿರುವಂತೆ ತೋರಬಹುದು. ಉತ್ತಮ ಉಪಕರಣವು ಮೊಬೈಲ್ ಜಾಲವಿಲ್ಲದೆಡೆ ಮಾಹಿತಿಯನ್ನು ಕೂಡಿಟ್ಟುಕೊಂಡು, ಜಾಲ ದೊರೆತೊಡನೆ ಕಳುಹಿಸುತ್ತದೆ.

ಕಂಟೇನರುಗಳ ಗುರುತುಪಟ್ಟಿ

ಕಂಟೇನರುಗಳ ವಿಷಯದಲ್ಲಿ ಬಳಕೆಯಲ್ಲಿರುವ ವಿಧಾನ ಬೇರೆ. 2016ರ ಜುಲೈ 1ರಂದು ಜವಾಹರಲಾಲ್ ನೆಹರೂ ಬಂದರಿನಲ್ಲಿ ಆರಂಭವಾದ ಲಾಜಿಸ್ಟಿಕ್ಸ್ ಡೇಟಾ ಬ್ಯಾಂಕ್ ಯೋಜನೆಯಲ್ಲಿ, ಆಮದು ರಫ್ತಿನ ಕಂಟೇನರುಗಳಿಗೆ ರೇಡಿಯೋ ತರಂಗಗಳಿಂದ ಗುರುತಿಸಬಹುದಾದ ಆರ್.ಎಫ್.ಐ.ಡಿ. ಪಟ್ಟಿಯನ್ನು ಲಗತ್ತಿಸಲಾಗುತ್ತದೆ. ಬಂದರಿನ ದ್ವಾರ, ಸುಂಕದ ಕಟ್ಟೆ ಮುಂತಾದೆಡೆಗಳಲ್ಲಿರುವ ಯಂತ್ರಗಳು ಅದನ್ನು ಓದಿ, ಕಂಟೇನರು ಹಾದುಹೋದ ವೇಳೆಯನ್ನು ದಾಖಲಿಸುತ್ತವೆ. ವಾಹನಗಳ ಫಾಸ್ಟ್ಯಾಗ್ ಸಹ ಇದೇ ತತ್ತ್ವವನ್ನು ಅವಲಂಬಿಸಿದೆ. ಇಂತಹ ಪಟ್ಟಿಯು ಕೊನೆಯದಾಗಿ ದಾಟಿದ ದ್ವಾರವನ್ನು ಮಾತ್ರ ತಿಳಿಸುತ್ತದೆ. ಈ ಕ್ಷಣದಲ್ಲಿ ಸರಕು ಎಲ್ಲಿದೆ ಎಂಬುದನ್ನಲ್ಲ.

ಪ್ರಾಣರಕ್ಷಣೆಯ ಪ್ರಶ್ನೆ

ಸರಕು ಸಕಾಲದಲ್ಲಿ ತಲುಪುವುದು ಕೇವಲ ಲಾಭನಷ್ಟದ ವಿಷಯವಲ್ಲವೆಂಬುದನ್ನು ಕೋವಿಡ್ ಪಿಡುಗು ತೋರಿಸಿಕೊಟ್ಟಿತು. ಆಸ್ಪತ್ರೆಗಳಲ್ಲಿ ಆಮ್ಲಜನಕದ ಕೊರತೆ ತೀವ್ರವಾಗಿದ್ದಾಗ, 2021ರ ಏಪ್ರಿಲ್ 19ರಂದು ದೇಶದ ಮೊದಲ ಆಕ್ಸಿಜನ್ ಎಕ್ಸ್‌ಪ್ರೆಸ್ ರೈಲು 7 ಖಾಲಿ ಟ್ಯಾಂಕರುಗಳನ್ನು ಹೊತ್ತು ನವಿ ಮುಂಬಯಿಯ ಕಳಂಬೋಲಿಯಿಂದ ವಿಶಾಖಪಟ್ಟಣಕ್ಕೆ ಹೊರಟಿತು. ತುಂಬಿದ ಟ್ಯಾಂಕರುಗಳೊಡನೆ ಹಿಂದಿರುಗಿ, ಅವುಗಳಲ್ಲಿ ಮೂರನ್ನು ನಾಗಪುರದಲ್ಲಿ ಇಳಿಸಿ, ಉಳಿದ ನಾಲ್ಕನ್ನು ಏಪ್ರಿಲ್ 24ರಂದು ನಾಸಿಕಕ್ಕೆ ತಲುಪಿಸಿತು. ಅಂದು ಒಂದೊಂದು ಟ್ಯಾಂಕರು ಎಲ್ಲಿದೆ ಎಂಬ ಮಾಹಿತಿಯೂ ರೋಗಿಗಳ ಪ್ರಾಣದೊಡನೆ ಹೆಣೆದುಕೊಂಡಿತ್ತು. ಆ ಬಳಿಕ, ದ್ರವ ಆಮ್ಲಜನಕವನ್ನು ಸಾಗಿಸುವ ಟ್ಯಾಂಕರುಗಳಲ್ಲಿ ಸ್ಥಾನಸೂಚಕ ಉಪಕರಣವನ್ನು ಕಡ್ಡಾಯಗೊಳಿಸಲು ಕೇಂದ್ರ ಸರ್ಕಾರವು ಕ್ರಮ ಕೈಗೊಂಡಿತು.

ಪ್ರಯಾಣಿಕರ ಸುರಕ್ಷತೆಯ ದೃಷ್ಟಿಯಿಂದ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2016ರಲ್ಲಿಯೇ 125-ಎಚ್ ನಿಯಮವನ್ನು ಸೇರಿಸಲಾಗಿತ್ತು. ಅದರಂತೆ, 2019ರ ಜನವರಿ 1ರಿಂದ ನೋಂದಣಿಯಾಗುವ ಹೊಸ ಸಾರ್ವಜನಿಕ ಸೇವಾ ವಾಹನಗಳಲ್ಲಿ ಸ್ಥಾನಸೂಚಕ ಉಪಕರಣವೂ ತುರ್ತು ಗುಂಡಿಯೂ ಇರತಕ್ಕದ್ದು. ದ್ವಿಚಕ್ರ, ತ್ರಿಚಕ್ರ ವಾಹನಗಳು ಹಾಗೂ ಇ-ರಿಕ್ಷಾಗಳಿಗೆ ವಿನಾಯಿತಿಯಿದೆ. ಉಪಕರಣವು ಎ.ಐ.ಎಸ್. 140 ಎಂಬ ಮಾನಕಕ್ಕೆ ಅನುಗುಣವಾಗಿರಬೇಕು.

ಚಾಲಕನೂ ಮನುಷ್ಯನೇ

ವಾಹನದ ಮೇಲಿನ ನಿಗಾ ಎಂದರೆ ಅದನ್ನು ನಡೆಸುವವನ ಮೇಲಿನ ನಿಗಾವೂ ಹೌದು. ಚಾಲಕನು ಊಟಕ್ಕೆ ನಿಲ್ಲಿಸಿದ ಹತ್ತು ನಿಮಿಷಗಳಿಗೂ ಲೆಕ್ಕ ಕೇಳುವ ಸಾಧನವಾಗಿ ಇದನ್ನು ಬಳಸುವುದು ತರವಲ್ಲ. ದಿನಕ್ಕೆ 8 ಗಂಟೆಗಳ ದುಡಿಮೆ, 5 ಗಂಟೆಗಳ ಬಳಿಕ ಕನಿಷ್ಠ ಅರ್ಧ ಗಂಟೆಯ ವಿರಾಮ ಎಂಬ ತತ್ತ್ವವನ್ನು ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು 1961ರಲ್ಲಿಯೇ ವಿಧಿಸಿತ್ತು. ನಿಗಾ ಉಪಕರಣದ ದಾಖಲೆಯು ಚಾಲಕನ ತಪ್ಪನ್ನು ತೋರಿಸುವಂತೆಯೇ, ಅವನು ನಿದ್ರೆಯಿಲ್ಲದೆ ಎಷ್ಟು ಹೊತ್ತು ದುಡಿದನೆಂಬುದನ್ನೂ ತೋರಿಸುತ್ತದೆ. ರಾತ್ರಿಯ ಘಾಟಿಯಲ್ಲಿ ತೂಕಡಿಸುವ ಚಾಲಕನಿಂದ ಒದಗುವ ಅಪಾಯವನ್ನು ಅರಿತ ಮಾಲೀಕನು ಈ ದಾಖಲೆಯನ್ನು ವಿಶ್ರಾಂತಿಯನ್ನು ಗೊತ್ತುಪಡಿಸಲು ಬಳಸಿಕೊಳ್ಳುವನು.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಅರ್ಜಿದಾರರಾಗಿದ್ದ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸಾರಿತು. ಆದ್ದರಿಂದ ಉಪಕರಣವಿರುವುದನ್ನು ಚಾಲಕನಿಗೆ ಮೊದಲೇ ತಿಳಿಸುವುದು, ಮಾಹಿತಿಯನ್ನು ವ್ಯವಹಾರಕ್ಕೆ ಮಾತ್ರ ಬಳಸುವುದು, ಕೆಲಸ ಮುಗಿದ ಮೇಲೆ ಅವನ ಓಡಾಟವನ್ನು ಹಿಂಬಾಲಿಸದಿರುವುದು ಮಾಲೀಕನ ಕರ್ತವ್ಯ.

ಗಮನಿಸಬೇಕಾದ ಅಂಶಗಳು

ಕೊಳ್ಳುವ ಮುನ್ನ ಉಪಕರಣಕ್ಕೆ ಮಾನ್ಯತೆಯಿದೆಯೇ, ವಾಹನದ ಬ್ಯಾಟರಿಯ ಸಂಪರ್ಕ ಕಡಿದರೂ ಸ್ವಲ್ಪ ಕಾಲ ನಡೆಯಬಲ್ಲ ಒಳಬ್ಯಾಟರಿ ಇದೆಯೇ, ವಾರ್ಷಿಕ ಶುಲ್ಕವೆಷ್ಟು, ಮಾಹಿತಿ ಯಾರ ವಶದಲ್ಲಿರುತ್ತದೆ ಎಂಬುದನ್ನು ವಿಚಾರಿಸಬೇಕು. ಗೊತ್ತುಪಡಿಸಿದ ಎಲ್ಲೆಯನ್ನು ವಾಹನ ದಾಟಿದೊಡನೆ ಎಚ್ಚರಿಸುವ ಸೌಲಭ್ಯವು ಬಾಡಿಗೆಗೆ ಕೊಡುವ ಜನರೇಟರು ಮುಂತಾದ ಯಂತ್ರಗಳಿಗೂ ಉಪಯುಕ್ತ. ವಾಹನ ಕಳುವಾದಾಗ ಸ್ವತಃ ಬೆನ್ನಟ್ಟದೆ, ದಾಖಲೆಯನ್ನು ಪೊಲೀಸರಿಗೆ ಒಪ್ಪಿಸುವುದು ಕ್ಷೇಮ. ಈ ಉಪಕರಣವು ಬೀಗಕ್ಕಾಗಲಿ ವಿಮೆಗಾಗಲಿ ಬದಲಿಯಲ್ಲ.

ಯಂತ್ರವು ವಾಹನವಿರುವ ಎಡೆಯನ್ನು ತಿಳಿಸಬಲ್ಲುದು. ಅದು ಅಲ್ಲಿ ಏಕೆ ನಿಂತಿದೆ ಎಂಬುದನ್ನು ಚಾಲಕನೇ ಹೇಳಬೇಕು. ಆ ಮಾತನ್ನು ಕೇಳುವ ತಾಳ್ಮೆ ಮಾಲೀಕನಲ್ಲಿದ್ದಾಗ ಮಾತ್ರ ಈ ತಂತ್ರಜ್ಞಾನದಿಂದ ಇಬ್ಬರಿಗೂ ಹಿತವುಂಟಾಗುವುದು.